ಮುಚ್ಚಿದ ಚಿಪ್ಪಿನಿಂದ ಏನು ಕದಿಯಲಿ?

ಒಸಾಕಾ
ಡಿಸೆಂಬರ್ ೫, ೧೯೯೬

ಪ್ರೀತಿಯ ಅಪ್ಪಾ,

ನಾಗಾನೊದಲ್ಲಿ ಆಗಲೇ ಹಿಮ ಬಿದ್ದಿದೆಯಂತೆ. ಮಂಡಿನೋವು ಹೇಗಿದೆ? ಕಂಪನಿ ಕೊಟ್ಟ ಆ ಒಂಟಿ ಕೋಣೆಯಲ್ಲಿ ಒಲೆ ಹಚ್ಚಿಕೊಳ್ಳುತ್ತೀರೋ, ಕೋಟು ಹಾಕಿಕೊಂಡೇ ಮಲಗುತ್ತೀರೋ? ಅಮ್ಮ ಒಣಗಿಸಿದ ಪರ್ಸಿಮನ್ ಹಣ್ಣು ಕಳಿಸಿದ್ದಾಳೆ, ಇಟ್ಟು ಹಾಳುಮಾಡಬೇಡಿ. ಆರು ವರ್ಷದಿಂದ ನೀವು ನಮ್ಮ ಜೊತೆಗಿಂತ ನೀವು ಕಟ್ಟುತ್ತಿರುವ ಆ ವಿಡಿಯೋ ಆಟದ ಯಂತ್ರದ ಜೊತೆಗೇ ಹೆಚ್ಚು ಬಾಳಿದ್ದೀರಿ. ಅದಕ್ಕೇ ಈ ಸುದ್ದಿ ಪರರ ಬಾಯಿಂದ ನಿಮಗೆ ಮುಟ್ಟಬಾರದು.

ನಮ್ಮ ಆಟ ನಿಮ್ಮ ಯಂತ್ರಕ್ಕೆ ಬರುವುದಿಲ್ಲ. ನಮ್ಮ ಸಣ್ಣ ಆಟದ ಕಂಪನಿಯ ಏಳೂ ಜನ ಕೂತು ತೀರ್ಮಾನಿಸಿದೆವು. ನಿರಾಕರಣೆಯ ಕಾಗದಕ್ಕೆ ಸಹಿಯಾಗಿ ಮೊದಲ ಹೆಸರಿನ ಮುದ್ರೆ ಒತ್ತಿದವಳು ನಾನೇ. ಇಪ್ಪತ್ತನೇ ತಾರೀಕು ಅದು ನಿಮ್ಮ ಕಂಪನಿಗೆ ಹೋಗುತ್ತದೆ. ನಾವು ಹಿಂದೆ ಸರಿದರೆ ಉಳಿದ ಸಣ್ಣ ಕಂಪನಿಗಳೂ ಸರಿಯುತ್ತವೆ, ವಸಂತಕ್ಕೆ ನಿಮ್ಮ ಯಂತ್ರ ಅಂಗಡಿಯಲ್ಲಿ ಆಟಗಳಿಲ್ಲದೆ ಕೂರುತ್ತದೆ ಎಂಬುದು ಗೊತ್ತಿದ್ದೇ ಒತ್ತಿದೆ.

ಯಂತ್ರಕ್ಕೆ ಬಲವಿದೆ, ಒಪ್ಪಿದೆ. ಮೂರು ಪ್ರೊಸೆಸರ್, ಮೂರು ಮಿದುಳು ಇಟ್ಟಿದ್ದೀರಿ. ಆದರೆ ಮೂರಕ್ಕೂ ನೆನಪಿನ ಉಗ್ರಾಣ ಒಂದೇ. ಒಂದೇ ಒಲೆಯ ಮುಂದೆ ಮೂವರು ಸೊಸೆಯರು. ಒಬ್ಬಳು ಸೌಟು ಹಿಡಿದರೆ ಇಬ್ಬರು ಕೈಕಟ್ಟಿ ನಿಲ್ಲಬೇಕು. ನಮ್ಮ ಆಟದ ನಾಯಕ, ಆ ಸ್ನಾನದಮನೆಯ ಬೆಕ್ಕು, ನಿಮ್ಮ ಯಂತ್ರದಲ್ಲಿ ಹಾರಿದರೆ ಗಾಳಿಯಲ್ಲೇ ನಿಂತುಬಿಡುತ್ತದೆ. ಆ ಒಂದು ನೆಗೆತಕ್ಕೆ ಎಂಟು ತಿಂಗಳು ಸುರಿದೆವು. ಎದುರಾಳಿ ಕಂಪನಿಯ ಬಡಕಲು ಯಂತ್ರದಲ್ಲಿ ಮೂರೇ ವಾರಕ್ಕೆ ಹಾರಿತು. ಅವರು ದಪ್ಪ ಪುಸ್ತಕ ಕೊಟ್ಟರು, ಮಾದರಿ ಕೊಟ್ಟರು, ಕೇಳಿದ್ದಕ್ಕೆ ಉತ್ತರ ಕೊಟ್ಟರು. ನೀವು ಕೊಟ್ಟದ್ದು ನಲವತ್ತು ಪುಟ, ಮುನ್ನುಡಿಯಲ್ಲಿ ಅಜ್ಜನ ಮಾತು: "ಕಸುಬು ಹೇಳಿಕೊಡೋದಲ್ಲ, ಕದ್ದು ಕಲಿಯೋದು."

ಅಪ್ಪಾ, ಅಜ್ಜ ಬಡಗಿ. ಅವರ ಉಳಿ ತೆರೆದ ಅಂಗಳದಲ್ಲಿ ಓಡುತ್ತಿತ್ತು. ನೀವು ಪಕ್ಕದಲ್ಲಿ ಕೂತು ಕಣ್ಣಾರೆ ಕದ್ದಿರಿ. ನಾವು ಯಂತ್ರದ ಮುಚ್ಚಿದ ಕರಿಚಿಪ್ಪಿನೊಳಗಿಂದ ಏನು ಕದಿಯೋಣ? ಒಳಗುಟ್ಟು ಬರೆದ ಟಿಪ್ಪಣಿಗಳು ನಿಮ್ಮ ಕಂಪನಿಯ ಸ್ವಂತ ಆಟ ಕಟ್ಟುವವರ ಕೈಗೆ ಮಾತ್ರ ಸಿಗುತ್ತವೆ, ನಮಗೆ ಬೀಗ. ವಿದ್ಯೆಗೆ ಬೀಗ ಜಡಿದು ಹೊರಗೆ ನಿಂತವರನ್ನು ದಡ್ಡರೆನ್ನುವುದು ಕಸುಬಿನ ಮರ್ಯಾದೆಯಲ್ಲ, ದೊರೆಗಳ ಹಳೆಯ ಚಾಳಿ.

ಕಳೆದ ವಾರ ನಿಮ್ಮ ಕಂಪನಿಯ ನಿಶಿವಾಕಿಯವರು ಬಂದು ನಮಗೇ ಬುದ್ಧಿ ಹೇಳಿದರು: "ಯಂತ್ರ ಗಟ್ಟಿಯಾಗಿದೆ. ಕಷ್ಟ ಆಗ್ತಿದೆ ಅಂದ್ರೆ ನಿಮ್ಮ ಕೈ ಮೆತ್ತಗಿದೆ ಅಂತ ಅರ್ಥ." ನಮ್ಮ ಚಿತ್ರಗಾರ್ತಿ ಓನಿಶಿ ಕುರ್ಚಿ ಎಳೆದುಕೊಟ್ಟಳು. "ಹಂಗಾದ್ರೆ ಮಹಾರಾಯ್ರೇ, ನೀವೇ ಪರದೆ ಮೇಲೆ ಒಂದು ಚೆಂಡು ಕುಣಿಸಿ ತೋರ್ಸಿ. ನಾವು ಟೀ ಕುಡೀತಾ ಕೂತಿರ್ತೀವಿ." ಅವರು ಗಡಿಯಾರ ನೋಡಿಕೊಂಡು ರೈಲಿಗೆ ಹೊತ್ತಾಯಿತೆಂದು ಎದ್ದರು.

ನನ್ನ ಮೇಲೆ ಸಿಟ್ಟಾಗಿ, ಪರವಾಗಿಲ್ಲ. ಕ್ಷಮೆ ಮಾತ್ರ ಕೇಳುವುದಿಲ್ಲ. ಮಂಡಿಗೆ ಬಿಸಿನೀರಿನ ಶಾಖ ಬಿಡಬೇಡಿ. ಅಮ್ಮ ನೆನೆಯುತ್ತಾಳೆ, ಬಾಯಿಬಿಟ್ಟು ಹೇಳುವುದಿಲ್ಲ.

ನಿಮ್ಮದೇ ಹಟ ಹೊತ್ತು ಹುಟ್ಟಿದ ಮಗಳು,
ಚಿಹಾರು

ಮರೆತಿದ್ದೆ: ಹದಿನೈದನೇ ತಾರೀಕು ಭಾನುವಾರ, ನಿಮಗೆ ರಜೆ. ಬನ್ನಿ. ಆ ನಲವತ್ತು ಪುಟ ಬಿಟ್ಟು ಬೇರೆ ಯಾವ ಟಿಪ್ಪಣಿಯನ್ನೂ ತರಬೇಡಿ. ನನ್ನ ಕುರ್ಚಿಯಲ್ಲಿ ಕೂತು ಮೂರೂ ಮಿದುಳು ಎಬ್ಬಿಸಿ ಒಂದು ಚೆಂಡು ಕುಣಿಸಿ. ಕುಣಿದರೆ ಕಾಗದ ಹರಿದುಹಾಕುತ್ತೇನೆ. ಕುಣಿಯದಿದ್ದರೆ? ನಿಮ್ಮ ಮುದ್ರೆಯನ್ನೂ ಜೇಬಿನಲ್ಲಿಟ್ಟುಕೊಂಡು ಬನ್ನಿ. ಆ ಕಾಗದದ ಮೇಲೆ ನನ್ನದರ ಪಕ್ಕದಲ್ಲಿ ನಿಮ್ಮದಕ್ಕೂ ಜಾಗ ಬಿಟ್ಟಿದ್ದೇನೆ.