ಮನೆಯವರಿಗೆಲ್ಲ ಗೊತ್ತಿರುವ ಕೀಲಿ

ಮನೆ,
ಭಾನುವಾರ, 9 ಮಾರ್ಚ್, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಗುಡ್ಡದ ಮೇಲಿನ ನಿನ್ನ ಹವಾಮಾನ ಕೇಂದ್ರದಲ್ಲಿ ಗಾಳಿ ಕಡಿಮೆಯಾಯಿತೇ, ಕೆಮ್ಮು ಪೂರ್ತಿ ಹೋಯಿತೇ? ಅಲ್ಲಿ ಫೋನ್ ಸಿಗದಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ. ಸಿಕ್ಕಿದ್ದರೆ ನೀನು ನಡುವೆ ಬಾಯಿ ಹಾಕಿ ನನ್ನ ಮಾತು ತಪ್ಪಿಸುತ್ತಿದ್ದೆ. ಅಪ್ಪ ಚೆನ್ನಾಗಿದ್ದಾರೆ. ಹೊಸ ಕನ್ನಡಕ ಬಂದಿದೆ, ಅದನ್ನು ಹುಡುಕಲು ಹಳೆಯದನ್ನು ಹಾಕಿಕೊಳ್ಳುತ್ತಾರೆ.

ಹೋದ ತಿಂಗಳು ನಮ್ಮ ಲ್ಯಾಬಿನಲ್ಲಿ ಒಂದು ತೊಂದರೆಯಾಯಿತು. ಹೊಲಿಗೆ ಅಂಗಡಿಯ ಒಬ್ಬಾಕೆ ಗರ್ಭಪರೀಕ್ಷೆಗೆ ರಕ್ತ ಕೊಟ್ಟು ಹೋಗಿದ್ದಳು. ರಿಪೋರ್ಟಿಗೆ ಪಾಸ್‌ವರ್ಡ್ ಹಾಕಿ, ಅದರ ಲಿಂಕನ್ನು ಆಕೆ ಬರೆಸಿದ್ದ ಇಮೇಲಿಗೆ ಕಳಿಸಿದೆವು. ಅದು ಮನೆಮಂದಿಗೆಲ್ಲ ಸೇರಿ ಇದ್ದ ಒಂದೇ ಇಮೇಲು. ಸಂಜೆ ಆಕೆ ಮನೆ ಮುಟ್ಟುವಷ್ಟರಲ್ಲಿ ಅತ್ತೆಗೆ, ಭಾವನಿಗೆ, ಗಂಡನಿಗೆ ಎಲ್ಲರಿಗೂ ಸುದ್ದಿ ಗೊತ್ತಾಗಿತ್ತು. ಮರುದಿನ ಕೌಂಟರಿಗೆ ಬಂದವಳು ಕೂಗಾಡಲಿಲ್ಲ. ಗಂಡನಿಗೆ ತಾನೇ ಮೊದಲು ಹೇಳಬೇಕೆಂದಿದ್ದೆ ಅಂದಳು. “ಪರೀಕ್ಷೆ ವಿಷಯ ಗೊತ್ತಿದ್ದದ್ದು ನನ್ನ ತಂಗಿ ಒಬ್ಬಳಿಗೇ. ನಿಮ್ಮಿಂದ ಹೋಗಿಲ್ಲ ಅಂದ್ರೆ ಅವಳೇ ಬಾಯಿ ಬಿಟ್ಟಿರಬೇಕು, ಅಲ್ವಾ?” ಎಂದು ಕೇಳಿದಳು. ದೊಡ್ಡ ಡಾಕ್ಟರು, ನಮ್ಮ ರಿಪೋರ್ಟಿಗೆ ಬೀಗ ಇದೆ, ಇಲ್ಲಿಂದ ಸೋರುವ ಮಾತೇ ಇಲ್ಲ ಎಂದರು. ಪಕ್ಕದಲ್ಲಿ ಟೈಪ್ ಮಾಡುತ್ತಿದ್ದ ನಾನೂ ತಲೆಯಾಡಿಸಿದೆ. ರಕ್ತ ತೆಗೆಯುವವನು, ನಾವೆಲ್ಲ ಸೂಜಿಯಣ್ಣ ಎನ್ನುತ್ತೇವಲ್ಲ, ಅವನು ಶರಟು ಹೊಲಿಸುವುದು ಆಕೆಯ ಬಳಿಯೇ. ಅಕ್ಕತಂಗಿ ಮಾತು ಬಿಟ್ಟಿದ್ದಾರಂತೆ, ತಂಗಿ ಅಂಗಡಿಯತ್ತ ಸುಳಿಯುವುದೇ ಇಲ್ಲವಂತೆ.

ಡಾಕ್ಟರು ಯಾವುದಕ್ಕೂ ಇರಲಿ ಎಂದು ನಮಗೆ ನಾಲ್ಕು ಮಧ್ಯಾಹ್ನ ಪಾಠ ಹೇಳಿಸಿದರು. ಬಂದವರು ನೆಟ್‌ವರ್ಕ್ ಮೇಷ್ಟ್ರು, ನಿನ್ನ ವಯಸ್ಸಿನವರೇ, ಚೀಲದ ತುಂಬ ಬೀಗಗಳು. ಬೀಗದ ಒಳಗಿನ ರಚನೆ ಊರಿಗೆಲ್ಲ ಗೊತ್ತಿದ್ದರೂ ಪರವಾಗಿಲ್ಲ, ಗುಟ್ಟು ಕೀಲಿಯಲ್ಲಿ ಮಾತ್ರ ಇರಬೇಕು ಎಂದರು. ನನಗೆ ಮೊದಲು ಒಪ್ಪಿಗೆಯಾಗಲಿಲ್ಲ. ಆಮೇಲೆ ಒಂದು ಪ್ರಶ್ನೆ ಕೊಟ್ಟು ಮನೆಗೆ ಕಳಿಸಿದರು: ಒಬ್ಬರನ್ನೊಬ್ಬರು ಕಾಣದ ಇಬ್ಬರು, ದಾರಿಯುದ್ದಕ್ಕೂ ಕಳ್ಳರು, ಕೀಲಿ ಕಳಿಸುವುದು ಹೇಗೆ? ಬಸ್ಸಿನಲ್ಲಿ ಯೋಚಿಸುತ್ತ ನನ್ನ ನಿಲ್ದಾಣ ದಾಟಿಹೋಯಿತು. ಉತ್ತರ ಕೇಳು. ಕೀಲಿ ಕಳಿಸುವುದೇ ಇಲ್ಲ! ನನ್ನ ಬೀಗವನ್ನು ತೆರೆದೇ ಕಳಿಸುತ್ತೇನೆ, ನೀನು ಪೆಟ್ಟಿಗೆಗೆ ಹಾಕಿ ಅದುಮುತ್ತೀಯ, ತೆರೆಯುವ ಕೀಲಿ ನನ್ನ ಹತ್ತಿರವೇ ಉಳಿದಿರುತ್ತದೆ. ಮರುದಿನ ಪಾಠದಲ್ಲಿ ಇದನ್ನು ಆಡಿ ನೋಡಿದಾಗ ಸೂಜಿಯಣ್ಣ ನಡುವೆ ಕುಳಿತು ನನ್ನ ಬೀಗ ತೆಗೆದಿಟ್ಟು ತನ್ನದನ್ನು ದಾಟಿಸಿಬಿಟ್ಟ. ಬೈಸಿಕೊಳ್ಳುತ್ತಾನೆ ಅಂದುಕೊಂಡೆ; ಮೇಷ್ಟ್ರು ಅವನ ಬೆನ್ನು ತಟ್ಟಿದರು. ಬಂದ ಬೀಗ ನಿಜವಾಗಿ ಯಾರದು ಎಂಬುದೇ ಮುಖ್ಯ ಪ್ರಶ್ನೆಯಂತೆ, ಅದಕ್ಕೇ ಇಬ್ಬರೂ ನಂಬುವ ಮೂರನೆಯವರ ಮೊಹರು ಬೇಕಂತೆ. ಇನ್ನೊಂದು ದಿನ ಬರಹದ ಬೆರಳ ಗುರುತು ತೋರಿಸಿದರು. ಎಷ್ಟೇ ಉದ್ದದ ಬರಹ ಕೊಟ್ಟರೂ ಕಂಪ್ಯೂಟರು ಒಂದೇ ಅಳತೆಯ ಅಂಕಿ-ಅಕ್ಷರಗಳ ಸಾಲು ಕೊಡುತ್ತದೆ. ನಿನ್ನ ಹಳೆಯ ಕಾಗದವೊಂದನ್ನು ಟೈಪ್ ಮಾಡಿ, ಒಂದು ಅಲ್ಪವಿರಾಮ ತೆಗೆದು ನೋಡಿದೆ. ಇಡೀ ಸಾಲು ಗುರುತೇ ಸಿಗದಂತೆ ಬದಲಾಯಿತು. ಇಪ್ಪತ್ತೆರಡು ವರ್ಷ ಟೈಪಿಸ್ಟಾಗಿ ಅಲ್ಪವಿರಾಮ ತಿದ್ದಿದವಳಿಗೆ ಎಂಥ ಸಮಾಧಾನ!

ಮೂರನೆಯ ದಿನ ಮೇಷ್ಟ್ರು ನಮ್ಮ ಪಾಸ್‌ವರ್ಡಿನ ನಿಯಮ ಕೇಳಿದರು. ನಾನೇ ಎದ್ದು ಒಪ್ಪಿಸಿದೆ: ಹೆಸರಿನ ಮೊದಲ ನಾಲ್ಕಕ್ಷರ, ಆಮೇಲೆ ಹುಟ್ಟಿದ ವರ್ಷ. ರೋಗಿಗಳಿಗೆ ಮರೆಯಬಾರದೆಂದು ಎಂಟು ವರ್ಷದ ಹಿಂದೆ ನಾನೇ ಮಾಡಿದ ನಿಯಮ ಅದು, ನಿನಗೆ ಗೊತ್ತಲ್ಲ. ಅವರು ನಗಲಿಲ್ಲ. “ಅಮ್ಮಾ, ಈ ಬೀಗ ಯಾರಿಂದ ಕಾಪಾಡೋಕೆ? ದೂರದ ಕಳ್ಳನಿಂದಲೋ, ಮನೆಯವರಿಂದಲೋ? ನಿಮ್ಮ ಮನೆಯವರು ಹುಟ್ಟಿದ ವರ್ಷ ನಿಮಗೆ ಗೊತ್ತಿಲ್ವಾ?” ಎಂದರು. ನಾನು ಕುಳಿತುಕೊಂಡೆ. ಪಾಠ ಮುಗಿದ ಮೇಲೆ ನಾನು, ಮೇಷ್ಟ್ರು ಇಬ್ಬರೂ ರಿಪೋರ್ಟು ಯಾವಾಗ, ಎಲ್ಲಿಂದ ತೆರೆದರೆಂಬ ದಾಖಲೆ ತೆಗೆದು ನೋಡಿದೆವು. ಆಕೆಯ ರಿಪೋರ್ಟನ್ನು ಮೊದಲು ತೆರೆದದ್ದು ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ, ಆಕೆಯ ಮನೆಯ ಇಂಟರ್ನೆಟ್ ಸಂಪರ್ಕದಿಂದಲೇ. ಆಗ ಆಕೆ ಅಂಗಡಿಯಲ್ಲಿದ್ದಳು. ತಂಗಿ ಯಾರಿಗೂ ಏನೂ ಹೇಳಿರಲಿಲ್ಲ.

ಮೇಷ್ಟ್ರ ಆ ಪ್ರಶ್ನೆಗೆ ನಾನು ಅಲ್ಲಿ ಉತ್ತರ ಕೊಡಲಿಲ್ಲ. ನಿನಗೆ ಕೊಡಬೇಕು. ಎರಡು ವರ್ಷದ ಹಿಂದೆ ನೀನು ನಮಗೆ ಹೇಳದೆ ಬೇರೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದೆ. ಅಲ್ಲೂ ಇದೇ ನಿಯಮ. ರಿಪೋರ್ಟು ಮನೆಯ ಕಂಪ್ಯೂಟರಿಗೆ ಬಂತು, ನಾನು ನಿನ್ನ ಹೆಸರು, ವರ್ಷ ಒತ್ತಿ ತೆರೆದೆ. ರಕ್ತ ಕಡಿಮೆಯಾಗಿದೆ ಎಂದು ನಿನಗೆ ಮೂರು ಹೊತ್ತೂ ಬಲವಂತ ಮಾಡಿ ಉಣಿಸಿದೆ. ಯಾರು ಹೇಳಿದ್ರು ನಿಂಗೆ ಅಂತ ನೀನು ಕೇಳಿದ್ದಕ್ಕೆ, ಹೆತ್ತವಳಿಗೆ ಮುಖ ನೋಡಿದ್ರೆ ಗೊತ್ತಾಗಲ್ವಾ ಅಂದೆ. ನೀನು ನಂಬಿದೆ. ಅದು ಸುಳ್ಳು, ಗುಬ್ಬಿ. ನಾನು ಕೇಳಿ ತಿಳಿದುಕೊಳ್ಳಬೇಕಿತ್ತು.

ಡಾಕ್ಟರಿಗೆ ದಾಖಲೆ ತೋರಿಸಿದೆ. ಮುಂದಿನ ತಿಂಗಳಿಂದ ರೋಗಿಯೇ ಕೌಂಟರಿನಲ್ಲಿ ತನಗೆ ಬೇಕಾದ ಗುಟ್ಟಿನ ಪದ ಆರಿಸಿಕೊಳ್ಳಲಿ ಎಂದು ಒಪ್ಪಿದರು. ಆದರೆ ಹಳೆಯದನ್ನು ಕೆದಕುವುದು ಬೇಡ, ಆಕೆಯ ಹತ್ತಿರ ಯಾರೂ ಈ ವಿಷಯ ಎತ್ತಕೂಡದು ಎಂದು ಖಡಾಖಂಡಿತವಾಗಿ ಹೇಳಿದರು. ನಾನು ಹೂಂ ಅಂದು ಬಂದೆ.

ಕಿವಿಗೆ ಬಟ್ಟೆ ಕಟ್ಟಿಕೊಂಡು ಓಡಾಡು. ಸಿಟ್ಟು ಬಂದರೆ ಬರಲಿ, ಸಿಟ್ಟಿನಲ್ಲೇ ಒಂದು ಕಾಗದ ಬರೆ. ಅಪ್ಪ ನಿನ್ನನ್ನು ನೆನೆಸಿಕೊಳ್ಳುತ್ತಿರುತ್ತಾರೆ. ಎಲ್ಲಿದ್ದರೂ ನೆಮ್ಮದಿಯಾಗಿರು, ಮಗಳೇ.

ನಿನ್ನ
ಅಮ್ಮ

ಮತ್ತೆ: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆಕೆಗೆ ಹೇಳುವುದೆಂದು ತೀರ್ಮಾನಿಸಿದ್ದೇನೆ. ಫೋನ್ ಬೇಡ, ಯಾರು ಎತ್ತುತ್ತಾರೋ. ಅಂಗಡಿಗೇ ಹೋಗಿ, ಆಕೆ ಒಬ್ಬಳೇ ಇದ್ದಾಗ. ನಿಯಮ ನನ್ನದು, ನಿನ್ನ ತಂಗಿಯ ತಪ್ಪಿಲ್ಲ, ಇಷ್ಟೇ ಮಾತು. ಆಮೇಲೆ ಡಾಕ್ಟರಿಗೂ ನಾನೇ ತಿಳಿಸುತ್ತೇನೆ. ಕೆಲಸ ಬಿಡಿ ಅಂದರೆ ಬಿಡುವುದು. ಅಪ್ಪನಿಗೆ ಇನ್ನೂ ಹೇಳಿಲ್ಲ. ನಾಳೆ ಸೋಮವಾರ. ಆಕೆಯ ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ, ಲ್ಯಾಬು ಹತ್ತಕ್ಕೆ. ಮೊದಲು ಅಂಗಡಿ.