ವಿಶ್ರಾಂತಿ ಪುಸ್ತಕದ ಸಹಿ

ಮಾರ್ಚ್ ೧೨, ಮಂಗಳವಾರ

ಇಸ್ತ್ರಿ ಮೇಜಿನ ದೊಡ್ಡಕ್ಕ ನಿನ್ನೆ ಊಟದ ಹೊತ್ತಿನಲ್ಲಿ ಹೇಳಿದ್ದು ತಲೆಯಿಂದ ಇಳಿಯುತ್ತಿಲ್ಲ. ಅವಳ ಹಳೆಯ ಬಟ್ಟೆ ಕಾರ್ಖಾನೆಯಲ್ಲೂ ನಮ್ಮಲ್ಲಿಯಂತೆಯೇ, ಬೆಳಗ್ಗೆ ಬಂದ ಕೂಡಲೇ “ಹತ್ತು ನಿಮಿಷ ವಿಶ್ರಾಂತಿ ಪಡೆದೆ” ಎಂದು ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರಂತೆ. ವಿಶ್ರಾಂತಿ ಮಾತ್ರ ಇಲ್ಲ. ಅಲ್ಲೇ ನಿಂತೂ ನಿಂತೂ ಸೊಂಟ ಬಿದ್ದುಹೋದ ಅವಳ ತಂಗಿ ಪರಿಹಾರ ಕೇಳಿದಾಗ ಕಚೇರಿಯವರು ಅದೇ ಸಹಿ ತೋರಿಸಿ ಬರಿಗೈಯಲ್ಲಿ ಕಳಿಸಿದರಂತೆ.

ನನ್ನ ಸೊಂಟವೂ ತಿಂಗಳಿಂದ ಹಿಡಿದುಕೊಂಡಿದೆ.

ಇವತ್ತು ಬೆಳಗ್ಗೆ ಪುಸ್ತಕ ಬಂದಾಗ ಯಾರೂ ಪೆನ್ನು ಮುಟ್ಟಲಿಲ್ಲ.

“ಏನ್ರಮ್ಮಾ, ಪೆನ್ನು ಕಚ್ಚುತ್ತಾ?” ಎಂದ ಮೇಸ್ತ್ರಿ.

“ಪುಸ್ತಕದಲ್ಲಿ ಬರೆದಿರೋ ಹತ್ತು ನಿಮಿಷ ಮೊದಲು ಕೂತ್ಕೋತೀವಿ, ಅಣ್ಣಾ. ಸಹಿ ಆಮೇಲೆ,” ಎಂದೆ.

“ಸಾಹೇಬರಿಗೆ ಹೇಳ್ತೀನಿ.”

“ಹೇಳಪ್ಪಾ. ಅವರಿಗೂ ಒಂದು ಕುರ್ಚಿ ತಗೊಂಡು ಬಾ,” ಎಂದಳು ದೊಡ್ಡಕ್ಕ.

ಹತ್ತೂವರೆಗೆ ಇಸ್ತ್ರಿಪೆಟ್ಟಿಗೆಗಳನ್ನು ಆರಿಸಿ, ಹದಿನಾಲ್ಕು ಜನರೂ ಬಟ್ಟೆಗಂಟುಗಳ ಮೇಲೆ ಕೂತೆವು. ಸಾಹೇಬರು ಬಂದು ಬಾಗಿಲಲ್ಲೇ ನಿಂತರು. ಒಬ್ಬಳೂ ಏಳಲಿಲ್ಲ. ನಾನಂತೂ ಕಾಲು ಚಾಚಿಕೊಂಡೆ.