ಅಪ್ಪನ ಟೇಪಿನ ಎರಡಿಂಚು

ಪುಟ್ಟೀ,

ನಾನು ಲಾಂಡ್ರಿ ಕೆಲಸಕ್ಕೆ ಹೊರಟೆ. ತಿಂಡಿ ಮುಚ್ಚಿಟ್ಟಿದ್ದೀನಿ, ಆರಿದ್ರೆ ಬಿಸಿ ಮಾಡ್ಕೋ. ಹತ್ತು ಗಂಟೆಗೆ ಆರ್ಕಿಟೆಕ್ಚರ್ ಕ್ಲಾಸಿಗೆ ಹೋಗಲೇಬೇಕು. ಹೈಸ್ಕೂಲ್ ಮಕ್ಕಳಿಗೆ ಇಂಥ ಬೇಸಿಗೆ ಕ್ಲಾಸು ದಿನಾ ಸಿಗಲ್ಲ. ಮೂತಿ ಉಬ್ಬಿಸಿಕೊಂಡು ಮಂಚದ ಕೆಳಗೆ ಎಸೆದಿದ್ದೆಯಲ್ಲ ಮನೆ ನಕ್ಷೆ, ಎತ್ತಿ ಮೇಜಿನ ಮೇಲಿಟ್ಟಿದ್ದೀನಿ.

ಕೋಣೆಗಳೆಲ್ಲ ಸೇರಿ ಮನೆಗಿಂತ ಉದ್ದ ಆಯ್ತು ಅಂತ ಟೀಚರ್ ನಕ್ಕರು ಅಂದೆಯಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲಾನೇ ಡೊಂಕು. ನೀನು ಹಿಡಿದದ್ದು ಅಪ್ಪನ ಟೇಪು. ಅದರ ತುದಿ ಎರಡಿಂಚು ಮುರಿದು ಎಷ್ಟೋ ವರ್ಷ ಆಯ್ತು, ಏನೇ ಅಳೆದ್ರೂ ಎರಡಿಂಚು ಜಾಸ್ತಿ ತೋರಿಸುತ್ತೆ. ಬಡಗಿ ಆದವರು ಹೊಸದು ತಗೋಬಾರದಾ ಅಂದ್ರೆ, 'ಎರಡು ಕಳೆದರಾಯ್ತಲ್ಲ ಮಾರಾಯ್ತಿ' ಅನ್ನೋರು. ನಿನಗೆ ಹೇಳೋಕೆ ಅವರಿಲ್ಲ, ನನಗೆ ಹೊಳೀಲಿಲ್ಲ.

ನಿನ್ನೆ ಸಂಜೆ ನಾನೇ ಅಳೆದು ನೋಡಿದೆ. ಪ್ರತಿ ಅಳತೇಲೂ ಎರಡಿಂಚು ಕಳೆ, ಎಲ್ಲ ಸರಿಹೋಗುತ್ತೆ. ಅವರ ಟೇಪು ಮುಟ್ಟಿದ್ರೆ ಅಳು ಬರುತ್ತೆ ಅಂದ್ಕೊಂಡಿದ್ದೆ. ಬರಲಿಲ್ಲ. ಸುತ್ತಿ ಇಟ್ಟು ಪಾತ್ರೆ ತೊಳೆದೆ.

ಅಪ್ಪನ ಕೋಣೆ ಮಾತ್ರ ನಕ್ಷೇಲಿ ಖಾಲಿ ಬಿಟ್ಟಿದ್ದೀಯ. ನಾನೂ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಈಗ ಬೀಗ ತೆಗೆದಿದ್ದೀನಿ. ನೀನೇ ಒಳಗೆ ಹೋಗಿ ಅಳತೆ ತಗೋ.

ಎರಡು ಕಳೆಯೋದು ಮರೀಬೇಡ.

ಅಮ್ಮ